ರಾಕ್ಷಸನ ಕಿರೀಟ

ಮಕ್ಕಳೇ, ಮೊನ್ನೆ ಶಾಲೆಯ ನಾಟಕಕ್ಕೆ ನೀವು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಿಕೊಂಡು ಬಂದಾಗ, ಆ ವಾಸನೆ ತಡೆಯಲಾರದೆ ನಾನು ಎದ್ದು ಒಳಗೆ ಹೋದೆ.

ನನ್ನ ಚಿಕ್ಕಂದಿನಲ್ಲಿ ನಮ್ಮೂರು ತಿಗನಾರೆಯ ನಾಟಕದ ತಂಡದಲ್ಲಿ ಕೂಲಿಗೆ ಹೋಗುವವರೇ ಇದ್ದರು. ಯಾರಿಂದಲೂ ಕಾಸು ಕೇಳದೆ ಆಡುತ್ತಿದ್ದರು. ನಾಟಕದ ದಿನ ಊರೆಲ್ಲ ಒಂದೇ ಚಪ್ಪರದಡಿ ಸೇರುತ್ತಿತ್ತು. ಹೊಲ ಕಾಯಲು ಯಾರೂ ಇರುತ್ತಿರಲಿಲ್ಲ.

ಒಂದು ಸಲ ನಾಟಕದ ದಿನ ಮಧ್ಯಾಹ್ನ ನಮ್ಮಪ್ಪನಿಗೆ ರಾಕ್ಷಸನ ಬಣ್ಣ ಹಚ್ಚಿ ಮುಗಿದಿತ್ತು. ಪಕ್ಕದ ಹೊಲದ ಮಾದಣ್ಣ ಓಡಿ ಬಂದ.

"ನಿಮ್ ರಾಗಿ ಒಲಕ್ಕೆ ಆನೆ ಬಿದ್ದದೆ ಕಣಪ್ಪೋ!"

ಅಜ್ಜಿ ಅಪ್ಪನಿಗೆ ಅಡ್ಡ ನಿಂತಳು. "ಬಣ್ಣ ಅಚ್ಕಂಡ ಮ್ಯಾಲೆ ಆಟ ಆಡ್ದೆ ಚಪ್ಪರ ದಾಟ್ಬಾರ್ದು ಕಣ್ಲಾ."

"ಈ ಮೊಕ ಕಂಡ್ರೆ ಆನೆನೇ ಓಡ್ತದೆ, ಬುಡವ್ವ." ಅಪ್ಪ ನಕ್ಕು, ರಟ್ಟಿನ ಕಿರೀಟವನ್ನು ನನ್ನ ತೊಡೆಯ ಮೇಲಿಟ್ಟ. "ನಾ ಬರಗಂಟ ಇಡ್ಕೊ ಮಗ."

ಹೊತ್ತು ಇಳಿಯಿತು. ತಮಟೆಯವನು ಬಡಿಯುವುದನ್ನು ನಿಲ್ಲಿಸಿ ಹೊಲದ ಕಡೆಯಿಂದ ಬಂದ ಕೂಗಿಗೆ ಕಿವಿಗೊಟ್ಟ. ರಾಜ, ರಾಣಿ, ಮಂತ್ರಿ ಎಲ್ಲರೂ ವೇಷದಲ್ಲೇ ಅತ್ತ ಓಡಿದರು. ತಿರುಗಿ ಬರುವಾಗ ಮೆಲ್ಲಗೆ ಬಂದರು, ಅಪ್ಪನನ್ನು ಮಲಗಿಸಿದ ರಾಣಿಯ ಸೀರೆಯ ನಾಲ್ಕು ಮೂಲೆ ಹಿಡಿದುಕೊಂಡು. ಅಜ್ಜಿ ನನ್ನ ಕಣ್ಣು ಮುಚ್ಚಿದಳು.

ಆ ಸಲ ಉಳಿದ ರಾಗಿ ಕೊಯ್ದು ನಮ್ಮ ಮನೆಗೆ ತಂದು ಹಾಕಿದವರು ತಂಡದವರೇ. ಕಿರೀಟವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.