ಹದಿನಾರು ತಾಸಿನ ಅಂಗಿ

ಕಸದ ಡಿಪೋದ ಮೇಜಿನ ಮೇಲೆ ಈ ವರ್ಷದ ಸಮವಸ್ತ್ರದ ಮೂರು ಮಾದರಿಗಳಿದ್ದವು: ನಾಲ್ಕು ತಾಸಿನದು, ಎಂಟು ತಾಸಿನದು, ಹದಿನಾರು ತಾಸಿನದು. ತೊಟ್ಟವರಿಗೆ ಅಷ್ಟು ಹೊತ್ತು ದಣಿವು ಗೊತ್ತಾಗುವುದಿಲ್ಲ. ಅಲ್ಲಿ ಕಸ ಎತ್ತುವ ನಲವತ್ತು ಹೆಂಗಸರ ಪರವಾಗಿ ಆರಿಸಲು ಸಂಘದ ಹುಲಿಗೆವ್ವ ಬಂದಿದ್ದಳು.

“ಹದಿನಾರರದ್ದು ತಗೋ. ಭಾರಿ ಕ್ವಾಲಿಟಿ ಐತಿ,” ಎಂದ ಸೂಪರ್‌ವೈಸರ್ ಚಂದ್ರಗೌಡ.

ಗಮ್‌ಬೂಟು ಕೇಳಿದರೆ ಮೈಮೇಲೆ ಏರಿಬರುವ ಈ ಮನುಷ್ಯ ಇಂದು ಚಹಾ ಬೇರೆ ತರಿಸಿದ್ದ. ಹುಲಿಗೆವ್ವನಿಗೆ ಅಲ್ಲೇ ಅನುಮಾನ ಬಂತು. ಅಂಗಿಯ ಒಳಮಗ್ಗುಲು ಹೊರಳಿಸಿ ಹೊಲಿಗೆ ಎಳೆದು ನೋಡಿದಳು, ಮೂಸಿದಳು. ಕುಂದೇನೂ ಕಾಣಲಿಲ್ಲ. ಕೊನೆಗೆ ಅದನ್ನು ಸೀರೆಯ ಮೇಲೇ ತೊಟ್ಟು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೋಳಿಗೆ ಚುಚ್ಚಿಕೊಂಡಳು. ರಕ್ತ ಬಂತು. ನೋವು ಬರಲಿಲ್ಲ.

“ಏ, ಹುಚ್ಚು ಹಿಡದೈತೇನ್ ನಿನಗ?”

“ಕಸದಾಗ ಒಡದ ಗಾಜು ಇರ್ತಾವ್ರೀ, ದವಾಖಾನಿ ಸೂಜಿ ಇರ್ತಾವ. ಚುಚ್ಚಿದ್ದು ಗೊತ್ತಾಗದಿದ್ರ ಸಾಯೋರು ನಾವು. ಅಲ್ರೀ ಗೌಡ್ರ, ನಮ್ಮ ಪಾಳಿ ಎಂಟು ತಾಸು. ಇನ್ನೆಂಟು ತಾಸು ಯಾರ ಸಲುವಾಗಿ?”

ಗೌಡ ಚಹಾದ ಲೋಟ ಅವಳತ್ತ ಸರಿಸಿದ.

“ನಮಗ ಬರೀ ಹತ್ತಿ ಅಂಗಿ ಕೊಡ್ರಿ.”

“ಅದನ್ನ ಹಾಕ್ಕೊಂಡ್ರ ಮುಂಜಾನಿ ಹನ್ನೊಂದಕ್ಕ ಸುಸ್ತಾಗ್ತೀರಿ.”

“ಆಗ್ಲಿ ಬಿಡ್ರಿ. ಸುಸ್ತಾದ್ರ ಕೂಡ್ತೀವಿ.”

ಹುಲಿಗೆವ್ವ ಅಂಗಿ ಕಳಚಿಟ್ಟು ಅವನೆದುರಿನ ಖಾಲಿ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲಿದ್ದ ಬೇಡಿಕೆ ಪತ್ರದಲ್ಲಿ ಮೂರೂ ಮಾದರಿಗಳನ್ನು ಹೊಡೆದುಹಾಕಿ, ಕೆಳಗೆ ‘ಹತ್ತಿ, ನಲವತ್ತು ಅಂಗಿ’ ಎಂದು ಬರೆದು ಸಹಿ ಮಾಡಿದಳು.