ತುಂಬಿದ ಬಟ್ಟಲು

ಮುನೀಸಾ ಚಹಾ ಸುರಿಯುತ್ತಲೇ ಇದ್ದಳು. ಅವಳ ಕಣ್ಣು ಮಾತ್ರ ಜಂತಿಯಲ್ಲಿ ಗೂಡಿಗೆ ಮಣ್ಣು ಮೆತ್ತುತ್ತಿದ್ದ ಹಕ್ಕಿಯ ಮೇಲಿತ್ತು. ಮನೆಗೆ ಬಂದಿದ್ದ ಶಾಲೆಯ ಅಕ್ಕೋರು ಮವ್ಲುದಾ ಅವರ ಬಟ್ಟಲು ತುಂಬಿ ತುಳುಕಿ, ಹಾಸಿದ್ದ ಬಿಳಿ ಬಟ್ಟೆಗೆ ಚಹಾ ಹರಿಯಿತು.

“ನೋಡಿದ್ರಾ ಜಮೀರಾ?” ಅಕ್ಕೋರು ನಕ್ಕರು. “ನೆಂಟರಿಗೆ ಅರ್ಧ ಬಟ್ಟಲು ಹಾಕ್ಬೇಕು, ತುಂಬಿಸಿದ್ರೆ ‘ಎದ್ದು ಹೋಗಿ’ ಅಂದಂಗೆ ಅಂತ ಈ ಮಾರ್ಗಿಲಾನ್ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಿಮ್ಮ ಮಗಳ ತಲೇಲಿ ಅದೂ ನಿಲ್ಲಲ್ಲ. ಕ್ಲಾಸಲ್ಲೂ ಇದೇ ಕಥೆ. ನೀವು ಮುದ್ದು ಮಾಡಿ ಕೆಡಿಸಿದೀರಿ, ಅಷ್ಟೇ.”

ಜಮೀರಾಳಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅವೆರಡೂ ಯಾವತ್ತೋ ಬತ್ತಿಹೋಗಿದ್ದವು. “ತಪ್ಪಾಯ್ತು ಅಕ್ಕೋರೇ,” ಎಂದು ನಾಲಿಗೆ ತಾನಾಗಿಯೇ ಹೇಳಿತು. ಕೈಯೂ ತಾನಾಗಿಯೇ ಮಗಳತ್ತ ಹೊರಟಿತು. ನೆಂಟರೆದುರು ಬೈಯುವಂತಿಲ್ಲವಾದ್ದರಿಂದ ಆ ಮನೆಯಲ್ಲಿ ಚಿವುಟುವುದು ರೂಢಿ.

ಆ ಕೈಯನ್ನು ಕಂಡದ್ದೇ ಮುನೀಸಾ ಹಕ್ಕಿಯನ್ನು ಮರೆತಳು. ಕೆಟಲನ್ನು ಕೆಳಗಿಟ್ಟು, ಯಾರೂ ಹೇಳದೆಯೇ ಅಂಗಿಯ ತೋಳನ್ನು ಮೊಣಕೈ ತನಕ ಮಡಚಿ, ಕೈಯನ್ನು ಅಮ್ಮನ ಮುಂದೆ ಚಾಚಿ ಕದಲದೆ ಕುಳಿತಳು. ಏನೂ ನೆನಪಿಡದ ಹುಡುಗಿ ಇದೊಂದನ್ನು ಮರೆತಿರಲಿಲ್ಲ.

ಜಮೀರಾಳ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮಗಳ ತೋಳಿನ ಮಡಿಕೆ ಬಿಡಿಸಿ ಕೆಳಗೆಳೆಯಿತು. ಜಮೀರಾ ಕೆಟಲನ್ನು ಎತ್ತಿಕೊಂಡು ತನ್ನ ಬಟ್ಟಲಿಗೂ ಸುರಿದಳು. ಅಂಚು ಮೀರಿ ಚಹಾ ಬಟ್ಟೆಗೆ ಇಳಿಯುವ ತನಕ ಸುರಿದಳು.

“ಕುಡೀರಿ ಅಕ್ಕೋರೇ,” ಎಂದಳು. “ನಮ್ಮನೇಲಿ ಹೀಗೇ ಹಾಕೋದು.”