ಬೆಂಚಿನ ಮೇಲೆ ಕೂತ ಭಯ

ಅಣ್ಣ ಧೀರನಂತೆ ಬಂದು ತಮ್ಮನ ಅಂಗಡಿಯ ಕ್ಷೌರದ ಕುರ್ಚಿಯಲ್ಲಿ ಕೂತ. “ಹಚ್ಚೋ ನೊರೆ! ನಿನ್ನ ಭಯಕ್ಕೆ ಇವತ್ತು ನನ್ನ ಗಡ್ಡದಿಂದಲೇ ಮುಕ್ತಿ.”

ತಮ್ಮ, ಡಬ್ಬಿಯಿಂದ ಕತ್ತಿ ತೆಗೆದು ಹೊಸ ಬ್ಲೇಡು ಸಿಕ್ಕಿಸಿದ. ಎಷ್ಟೋ ತಿಂಗಳಿಂದ ಆ ಕತ್ತಿ ಅಲ್ಲೇ ಬಿದ್ದಿತ್ತು. ಹಳೆಯ ಗಿರಾಕಿಯೊಬ್ಬನ ಗಂಟಲ ಹತ್ತಿರ ಕತ್ತಿ ಹೋದಾಗ, ‘ಒತ್ತಿಬಿಟ್ಟರೆ?’ ಎಂಬ ಯೋಚನೆ ಎಲ್ಲಿಂದಲೋ ಬಂದು ತಲೆಹೊಕ್ಕಿತ್ತು. ಯಾರಿಗೂ ಕೇಡು ಬಯಸದ ಜೀವ. ಬೆವತು ನೀರಾಗಿ, ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಹೋಗಿದ್ದ. ಅಂದಿನಿಂದ ಬರೀ ಕತ್ತರಿ ಕೆಲಸ. ಕತ್ತಿ ಹಿಡಿಯದ ಕ್ಷೌರಿಕನ ಹತ್ತಿರ ಯಾರು ತಾನೇ ಬಂದಾರು? ಇವತ್ತೂ ಆಗದಿದ್ದರೆ ಅಂಗಡಿ ಮುಚ್ಚುವುದೆಂದು ಅವನೇ ತೀರ್ಮಾನಿಸಿದ್ದ.

ಡಾಕ್ಟರು ಮಾತ್ರೆಯನ್ನೂ ಬರೆದುಕೊಟ್ಟಿದ್ದರು, ಮಾತಿನ ಚಿಕಿತ್ಸೆಗೆಂದು ಒಬ್ಬ ಮೇಡಂ ಹತ್ತಿರವೂ ಕಳಿಸಿದ್ದರು. ಎರಡೂ ಅವನಿಗೆ ಒಗ್ಗಿದ್ದವು. ಒಗ್ಗದೇ ಹೋದದ್ದು ಮನೆಯವರಿಗೆ.

“ಮಾತ್ರೆ ನುಂಗಿ ನುಂಗಿ ಮಂಕಾಗ್ತಾನೆ. ಮನಸಲ್ಲಿರೋದನ್ನ ಹೇಳ್ಕೊಂಡ್ರೆ ಸಾಕು,” ಎಂದ ಅಣ್ಣ, ನೊರೆಯೊಳಗಿಂದಲೇ.

ಬಾಗಿಲಿಗೆ ಒರಗಿದ್ದ ತಮ್ಮನ ಹೆಂಡತಿ ಬಿಡುವವಳೇ? “ಮಾತಿಂದ ವಾಸಿಯಾಗೋ ಹಾಗಿದ್ರೆ ಭಾವಾ, ದಿನವಿಡೀ ಗಿರಾಕಿಗಳ ಹತ್ರ ಹರಟೋ ನಿಮ್ಮ ತಮ್ಮನಿಗೆ ಕಾಯಿಲೆನೇ ಬರ್ತಿರ್ಲಿಲ್ಲ. ಇವರಿಗೆ ನಿದ್ದೆ ಬಂದಿದ್ದೇ ಮಾತ್ರೆಯಿಂದ!”

ಲೋಕದ ಸುದ್ದಿಯನ್ನೆಲ್ಲ ಆಡಿದ ಬಾಯಿ ಚಿಕಿತ್ಸೆಗೆ ಹೋಗುವವರೆಗೆ ತನ್ನ ಭಯವೊಂದನ್ನು ಮಾತ್ರ ಯಾರಲ್ಲೂ ಆಡಿರಲಿಲ್ಲ ಎನ್ನುವುದು ಅವನಿಗಷ್ಟೇ ಗೊತ್ತಿತ್ತು. ವಾದಕ್ಕಿಳಿಯದೆ ಎರಡು ಕೆನ್ನೆಯನ್ನೂ ನುಣುಪಾಗಿ ಮುಗಿಸಿದ. ಅಣ್ಣನ ಗದ್ದ ಎತ್ತಿ ಹಿಡಿದ. ಅಲ್ಲಿ ಗಂಟಲು ಕಂಡಿತು. ಹಳೆಯ ಯೋಚನೆ ಹೇಳದೆ ಕೇಳದೆ ಒಳಗೆ ಬಂತು. ಕೈ ನಿಂತಿತು.

ಕನ್ನಡಿಯಲ್ಲಿ ಅಣ್ಣನ ಕಣ್ಣುಗಳು ಅಗಲವಾದವು. “ಲೋ… ಬೆಳಗ್ಗೆ ಮಾತ್ರೆ ತಗೊಂಡೆ ತಾನೇ?”

“ರೀ, ಆ ಮೇಡಂ ಹೇಳಿಕೊಟ್ಟಿದ್ದನ್ನ ಹೇಳ್ಕೊಳ್ಳಿ! ಜೋರಾಗೇ ಹೇಳ್ಕೊಳ್ಳಿ!” ಹೆಂಡತಿ ಓಡಿಬಂದಳು.

ತಮ್ಮನಿಗೆ ನಗು ಉಕ್ಕಿಬಂತು. ಇಷ್ಟು ದಿನ ಹಾವು ಮುಂಗುಸಿಯಂತೆ ಕಾದಾಡಿದವರು ಒಂದೇ ಗಳಿಗೆಯಲ್ಲಿ ಪಕ್ಷ ಬದಲಿಸಿದ್ದರು. ಎದೆ ಹಗುರಾಯಿತು.

“ತಗೊಂಡಿದ್ದೀನಿ ಅಣ್ಣಾ,” ಎಂದ. ಆಮೇಲೆ ಮೇಡಂ ಅಭ್ಯಾಸ ಮಾಡಿಸಿದಂತೆ, ಅಂಗಡಿಗೆಲ್ಲ ಕೇಳುವ ಹಾಗೆ ಅಂದ: “ಭಯ ಬಂದಿದೆ. ಬರಲಿ. ಆ ಬೆಂಚಿನ ಮೇಲೆ ಕೂತಿರಲಿ. ನನಗೀಗ ಕೆಲಸ ಇದೆ.”

ಕತ್ತಿ ಗಂಟಲಗುಂಟ ಸಲೀಸಾಗಿ ಇಳಿಯಿತು. ಕುರ್ಚಿಯ ತೋಳನ್ನು ಅವುಚಿಕೊಂಡಿದ್ದ ಅಣ್ಣನ ಬೆರಳುಗಳು ಮಾತ್ರ ಗಡಗಡ ನಡುಗುತ್ತಿದ್ದವು.

ತಮ್ಮ, ಕತ್ತಿಯ ನೊರೆ ಒರೆಸುತ್ತ, ಬಾಗಿ ಅವನ ಕಿವಿಯಲ್ಲಿ ಕೇಳಿದ: “ನಿನಗೇನಣ್ಣಾ ಬೇಕು, ಮಾತ್ರೆಯೋ, ಮಾತೋ?”